ಸೂರ್ಯ ತಡವಾಗಿ ಬಂದ ದಿನ

ನಾನು ಚಿಕ್ಕವಳಿದ್ದಾಗ, ಸೂಡಿ ಊರಿನ ನಮ್ಮ ಮನೆಯ ಗಡಿಯಾರ ಕೆಟ್ಟು ನಿಂತ ದಿನವೇ ಅಕ್ಕನ ದೊಡ್ಡ ಪರೀಕ್ಷೆ ಬಂತು ನೋಡಿ. ಗಜೇಂದ್ರಗಡದಲ್ಲಿ, ಮಧ್ಯಾಹ್ನ ಎರಡಕ್ಕೆ. ಬಸ್ಸು ಹನ್ನೆರಡೂಕಾಲಿಗೆ, ಅದೊಂದೇ. "ಈ ಪರೀಕ್ಷಿ ತಪ್ಪಿದ್ರ ಸಾಲಿ ಸಾಕು" ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ.

"ಹನ್ನೆರಡಾದ ಕೂಡ್ಲೆ ನಾ ಹೇಳ್ತೀನಿ ತಗೋ" ಎಂದು ಜಂಬದಿಂದ ಅಂಗಳದಲ್ಲಿ ಕೋಲು ನೆಟ್ಟು ಕುಳಿತೆ. ನೆರಳು ತೀರಾ ಗಿಡ್ಡವಾದಾಗ ಹನ್ನೆರಡು ಎಂದು ಸಾಲೆಯಲ್ಲಿ ಕಲಿತಿದ್ದೆ. ಅಕ್ಕ ಒಳಗೆ ಓದುತ್ತಿದ್ದಳು. ಅಂಗಳ ಹೆಂಚಿನಂತೆ ಕಾದಿತ್ತು, ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನೆರಳು ಇನ್ನೂ ಕುಗ್ಗುತ್ತಲೇ ಇತ್ತು. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು!

"ಅಕ್ಕಾ, ಬಸ್ಸು!" ಎಂದು ಕೂಗಿದೆ. ಅಕ್ಕ ಚೀಲ ಹಿಡಿದು ಓಡುವಷ್ಟರಲ್ಲಿ ಬರೀ ಧೂಳು ಉಳಿದಿತ್ತು. "ನಿನ್ನ ನೆರಳಿಗಿಷ್ಟು ಬೆಂಕಿ ಹಾಕ!" ಎಂದು ಅಳುತ್ತಾ ಕುಸಿದಳು. ಅಯ್ಯೋ, ಅಕ್ಕನ ಸಾಲೆ ನನ್ನಿಂದಲೇ ಹೋಯಿತಲ್ಲ! ಸೂರ್ಯನೇ ತಡಮಾಡುತ್ತಿದ್ದಾನೆ, ಅವನಿಗೂ ಏನೋ ಆಗಿದೆ ಎಂದು ಇನ್ನೊಂದು ಹೆದರಿಕೆ.

ಹೊಲದಿಂದ ಬಂದ ಅಪ್ಪ ಬೈಯಲೂ ಇಲ್ಲ. ಅಕ್ಕನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟ. ಸಂಜೆಯ ತನಕ ನಾನು ಕಟ್ಟೆಯ ಮೇಲೆ ಹಾದಿ ನೋಡುತ್ತಾ ಕುಳಿತೆ. ಒಂದು ತುತ್ತೂ ಇಳಿಯಲಿಲ್ಲ.

"ಗಂಟಿ ಹೊಡಿಯೂದ್ರಾಗ ಒಳಗ ಹೊಕ್ಕೆ" ಎಂದು ಅಕ್ಕ ಸೈಕಲ್ಲಿನಿಂದ ಇಳಿದಾಗ ನಾನು "ಸೂರ್ಯಗ ಏನೋ ಆಗೈತಿ" ಎಂದು ಗೊಳೋ ಅತ್ತೆ. "ಹಿಂಗ್ಯಾಕ ಆತಂತ ಮಾಸ್ತರ್ನ ಕೇಳಿದೆ. ಸೂರ್ಯಗ ಏನೂ ಆಗಿಲ್ಲ, ಹುಚ್ಚಿ. ಇಡೀ ದೇಶದ ಗಡಿಯಾರ ಪೂರ್ವಕ್ಕ, ಪ್ರಯಾಗದ ಹತ್ರ ಹಾದ ಒಂದು ಗೆರಿ ಮ್ಯಾಲೆ ನಡೀತೈತಂತ. ಅಲ್ಲಿ ನೆತ್ತಿಗೆ ಬಂದ ಸೂರ್ಯ ನಮ್ಮೂರ ನೆತ್ತಿಗೆ ಬರೂದು ಅರ್ಧ ತಾಸು ತಡಾ!" ಎಂದಳು. ಅಕ್ಕ ಆ ವರ್ಷ ಪಾಸಾದಳು.

ಮೊನ್ನೆ ಮೊಮ್ಮಗಳಿಗೆ ಮೊಬೈಲಿನಲ್ಲಿ ದೇಶದೇಶದ ಮಕ್ಕಳ ಜೊತೆ ಗಣಿತದ ಸ್ಪರ್ಧೆ ಇತ್ತು. ಜಗತ್ತಿಗೆಲ್ಲ ಒಂದೇ ಆದ ವೇಳೆಯಲ್ಲಿ ಬೆಳಿಗ್ಗೆ ಐದು ಗಂಟೆ ಎಂದು ಬರೆದಿದ್ದರು. "ಅದಕ್ಕ ಐದೂವರಿ ತಾಸು ಕೂಡಿಸಿದ್ರ ನಮ್ದು, ಅಜ್ಜಿ. ಹತ್ತೂವರಿಗೆ" ಎಂದು ಆರಾಮಾಗಿ ಅವಲಕ್ಕಿ ತಿನ್ನುತ್ತಿದ್ದಳು. ತಡೆಯಲಾಗದ್ದು ನನಗೆ. ಹತ್ತಕ್ಕೇ ಎಳೆದು ಕೂರಿಸಿದೆ.

"ಇನ್ನೂ ಅರ್ಧ ತಾಸೈತಿ, ಅಜ್ಜಿ!"

ಇರಲಿ ಬಿಡವ್ವ. ಅಂದು ನನ್ನಿಂದ ಅಕ್ಕ ಕಳೆದುಕೊಂಡದ್ದೂ ಅಷ್ಟೇ ಹೊತ್ತು.