ಬೆನ್ನು ಮುಟ್ಟಿ ನೋಡ್ತೀರಾ?

ಬೆಳುವಾಯಿಯ ಕಮಲಾಕ್ಷಣ್ಣನನ್ನು ಕಾಣಬೇಕಾದರೆ ಬೆಳಿಗ್ಗೆ ಎಂಟಕ್ಕೆ ಬಸ್‌ಸ್ಟ್ಯಾಂಡಿಗೆ ಹೋಗಬೇಕು; ಅವರ ಮನೆಗೆ ಹೋದವರು ಯಾರೂ ಇಲ್ಲ. ವಿಪೆಟ್ ಎಂಬ ವಿದೇಶಿ ಜಾತಿಯ ಅವರ ನಾಯಿ ಚಂಪಾ ಜೋರು ಗಾಳಿ ಬಂದರೆ ಹಾರಿಹೋಗುವಷ್ಟು ಸಪೂರ. ಅವಳನ್ನು ಡಾಗ್ ಶೋಗೆ ತಯಾರು ಮಾಡುತ್ತಿದ್ದಾರೆ; ಅಲ್ಲಿ ತೀರ್ಪುಗಾರರು ಮೈ ತಡವುವಾಗ ನಾಯಿ ಅಲುಗಬಾರದು, ಅದಕ್ಕೆ ಅಪರಿಚಿತರ ಕೈಯ ಅಭ್ಯಾಸ ಬೇಕು. ಒಬ್ಬರೇ ಇರುವ ಮನೆಯಲ್ಲಿ ಅಪರಿಚಿತರನ್ನು ಎಲ್ಲಿಂದ ತರುವುದು? ಹಾಗಾಗಿ ಚಂಪಾಳನ್ನು ಸಿಮೆಂಟು ಬೆಂಚಿನ ಮೇಲೆ ನಿಲ್ಲಿಸಿ, ಕತ್ತು ನೆಟ್ಟಗೆ ಮಾಡಿ, ಹಿಂಗಾಲುಗಳನ್ನು ಒಂದೊಂದಾಗಿ ಹಿಂದಕ್ಕಿಟ್ಟು, ಬಸ್ಸಿಗೆ ಕಾಯುವವರನ್ನೆಲ್ಲ ಕೇಳುತ್ತಾರೆ: "ಸ್ವಲ್ಪ ಇದರ ಬೆನ್ನು ಮುಟ್ಟಿ ನೋಡ್ತೀರಾ ಮಾರಾಯ್ರೆ?" ನಾಯಿಯನ್ನು ತೋರಿಸುವವನು ತಾನು ಕಾಣಿಸಬಾರದು ಎಂಬುದು ಅವರ ಶಾಸ್ತ್ರ. ಮೀನಿನ ಅಂಗಡಿಯಲ್ಲೂ ಅವರು ಚಂಪಾಳ ಹಿಂದೆಯೇ ಸರಿದು ನಿಲ್ಲುವುದರಿಂದ, ಅಂಗಡಿಯವನ ಕಣ್ಣಿಗೆ ಬೀಳುವಷ್ಟರಲ್ಲಿ ಬಂಗುಡೆ ಮುಗಿದಿರುತ್ತದೆ. "ಇದಕ್ಕೆ ಊಟ ಹಾಕುವುದಿಲ್ವಾ?" ಎಂದು ಕೇಳದವರಿಲ್ಲ. "ಜಾತಿಯೇ ಹಾಗೆ" ಎನ್ನುತ್ತಾರೆ ಕಮಲಾಕ್ಷಣ್ಣ. ಮೊನ್ನೆ ಮೂಡುಬಿದಿರೆಗೆ ಹೊರಟಿದ್ದ ಅಜ್ಜಿಯೊಬ್ಬರು ಚಂಪಾಳ ಬೆನ್ನು ಸವರಿ, ಅದೇ ಕೈಯನ್ನು ಕಮಲಾಕ್ಷಣ್ಣನ ಹೆಗಲ ಮೇಲಿಟ್ಟು, "ನೀನೂ ಸಪೂರವೇ ಅಲ್ವಾ ಮಗಾ, ತಿಂಡಿ ಆಯ್ತಾ?" ಎಂದರು. ಕಮಲಾಕ್ಷಣ್ಣ ಕತ್ತು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು, ಆ ಕೈ ಸರಿಯುವವರೆಗೂ ಅಲುಗದೆ ನಿಂತರು.