ಮಾವನ ಬ್ಯಾರನ್ ಕೆಂಡ

ಹುಣಸೂರಿನಿಂದ ತಂದ ಹೊಸ ರೂಮ್ ಹೀಟರನ್ನು ಮೊನ್ನೆ ಮೊದಲ ಸಲ ಹಾಕಿದಾಗ ಕಾದ ತಗಡಿನ ವಾಸನೆ ಮೂಗಿಗೆ ಬಡಿಯಿತು. ಅದು ಕರೆಂಟನ್ನು ಎಷ್ಟು ಉಳಿಸುತ್ತದೆಂದು ಮಗಳು ಡಬ್ಬದ ಮೇಲಿನದನ್ನು ಓದಿ ಹೇಳುತ್ತಿದ್ದಳು. ನನ್ನ ಮನಸ್ಸು ಆಗಲೇ ಹನಗೋಡಿನ ತವರುಮನೆಯ ಹಿತ್ತಿಲು ದಾಟಿ, ಪಕ್ಕದ ಮನೆ ಮಾವನ ಬ್ಯಾರನ್ ಮುಂದೆ ನಿಂತಿತ್ತು...

ಹೊಗೆಸೊಪ್ಪನ್ನು ಕಟ್ಟಿ ತೂಗುಹಾಕಿ, ಒಲೆಯಲ್ಲಿ ಸೌದೆ ಉರಿಸಿ, ತಗಡಿನ ಕೊಳವೆಗಳಲ್ಲಿ ಶಾಖ ಹರಿಸಿ ಹದ ಮಾಡುವ ಎತ್ತರದ ಕೋಣೆಯೇ ಬ್ಯಾರನ್. ಸಂಬಂಧದಲ್ಲಿ ಆತ ನನಗೆ ಮಾವನೇನೂ ಅಲ್ಲ, ಬಾಯಿತುಂಬ ಹಾಗೆ ಕರೆಯುತ್ತಿದ್ದೆವು ಅಷ್ಟೆ. ದುಡ್ಡಿಗೆ ಜಿಪುಣರನ್ನು ಬೇಕಾದಷ್ಟು ನೋಡಿದ್ದೇನೆ, ಶಾಖಕ್ಕೆ ಜಿಪುಣನಾದವನು ಮಾವ ಒಬ್ಬನೇ! ಒಲೆಯ ಸಂದಿಗೆಲ್ಲ ಮಣ್ಣು ಮೆತ್ತುವುದು, ಬಾಗಿಲ ಸುತ್ತ ಗೋಣಿಚೀಲ ತುರುಕುವುದು ಅವನ ನಿತ್ಯದ ಕೆಲಸ. ಬೀಡಿ ಹಚ್ಚಲು ಯಾರಾದರೂ ಕೆಂಡಕ್ಕೆ ಕೈ ಹಾಕಿದರೆ ಮುಗಿಯಿತು.

“ಲೇ, ಬಾಯ್ ಮುಚ್ಲಾ ಒಲೆದು! ನಿಮ್ಮಪ್ಪನ ಮನೆ ಸೌದೆಯೇನ್ಲಾ?”

ಹೊಗೆ ಹೊರಬೀಳುವ ಕೊಳವೆಯ ಹತ್ತಿರ ತಾಮ್ರದ ಹಂಡೆ ಕೂರಿಸಿ ಸ್ನಾನದ ನೀರನ್ನೂ ಕಾಯಿಸುತ್ತಿದ್ದ. “ಆಕಾಸಕ್ಕೆ ಓಗೋ ಬಿಸಿ ಕಣವ್ವ, ಮೈಮೇಲಾದ್ರೂ ಬೀಳ್ಲಿ” ಎನ್ನುತ್ತಿದ್ದ.

ನನ್ನ ಮಗಳು ಹುಟ್ಟಿದ್ದು ಶ್ರಾವಣದ ಜಡಿಮಳೆಯಲ್ಲಿ. ತೂಕ ಕಡಿಮೆ, ಮೈ ತಣ್ಣಗಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ತವರಿನ ಸೌದೆಯೆಲ್ಲ ನೆನೆದುಹೋಗಿತ್ತು, ಮಾಳಿಗೆಯ ಸೋಲಾರ್ ಬಿಸಿಲು ಕಾಣದೆ ಮುನಿಸಿಕೊಂಡಿತ್ತು. ಮಾವನ ಹಂಡೆಯೇ ಗತಿಯಾಯಿತು. ಮೊದಲ ದಿನ ಆತ ಸಂಭ್ರಮದಲ್ಲಿ ಹಂಡೆಗೆ ಮುಚ್ಚಳ ಹಾಕುವುದನ್ನೇ ಮರೆತಿದ್ದ. ಹೊಗೆಸೊಪ್ಪಿನ ಪುಡಿ ಉದುರಿದ ನೀರನ್ನು ಮೂಸಿ ಅವ್ವ ಕೂಗಿದಳು:

“ಇದೇನಣ್ಣ, ಕೂಸಿಗೆ ಈಗ್ಲೇ ಬೀಡಿ ಸೇದುಸ್ತೀಯಾ?”

ಆ ನೀರು ಕರಿಬೇವಿನ ಗಿಡಕ್ಕೆ ಹೋಯಿತು. ಮಾರನೆಯ ದಿನ ಹಂಡೆಗೆ ಮುಚ್ಚಳ, ಅದರ ಮೇಲೆ ಮಾವನ ಮಡಿಪಂಚೆ!

ಒಂದು ಮಧ್ಯಾಹ್ನ ಗಾಳಿಮಳೆಗೆ ಕರೆಂಟು ಹೋಯಿತು. ಮರ ಬಿದ್ದು ರಸ್ತೆಯೂ ಕಟ್ಟಿತು. ಮಗುವಿನ ಅಂಗಾಲು ತಣ್ಣಗೆ ಕೊರೆಯುತ್ತಿತ್ತು. ಎದೆಗವಚಿಕೊಂಡರೂ ಬೆಚ್ಚಗಾಗಲಿಲ್ಲ, ಹಾಲು ಚೀಪಲಿಲ್ಲ. ಅವ್ವ ಹಿತ್ತಿಲಲ್ಲಿ ನಿಂತು ಕೂಗಿದ್ದೇ ತಡ, ಮಾವ ಅಗ್ಗಿಷ್ಟಿಕೆ ತುಂಬ ನಿಗಿನಿಗಿ ಕೆಂಡ ಹೊತ್ತು ಬಂದ. ಆರುತ್ತಾ ಬಂದಂತೆ ಮತ್ತೆ ತಂದ, ಮತ್ತೆ ತಂದ.

“ಕಿಟ್ಕಿ ತೆಗ್ದಿಡವ್ವ, ಕೆಂಡ ಉಸ್ರು ಕಟ್ಟುಸ್ತದೆ.”

“ಮಾವ, ಬ್ಯಾರನ್ನಲ್ಲಿ ಸೊಪ್ಪೈತಲ್ಲ?”

“ಸೊಪ್ಪು ಒಣಗಿ ಅದ ಆಗೋಯ್ತು ಬುಡು. ಇದು ಮಿಕ್ಕಿದ್ದ ಕೆಂಡ.”

ಸಂಜೆಯ ಹೊತ್ತಿಗೆ ಮಗು ಬೆಚ್ಚಗಾಗಿ ಹಾಲಿಗೆ ಬಾಯಿ ಹಾಕಿತು. ಎತ್ತಿಕೊಂಡ ಮಾವನ ಪಂಚೆಯ ಮೇಲೆ ಉಚ್ಚೆಯನ್ನೂ ಹೊಯ್ದಿತು. “ಇಂಜಿನ್ ಸ್ಟಾರ್ಟಾಯ್ತು ಕಣವ್ವ!” ಎಂದು ಆತ ಕುಣಿದಾಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಿಕ್ಕಿದ್ದ ಕೆಂಡ ಎಂಬ ಮಾತನ್ನು ನಾನು ನಂಬಿಯೂ ಬಿಟ್ಟೆ...

ಹೋದ ವರ್ಷ ಮಾವ ತೀರಿಕೊಂಡ. ತಿಥಿಯ ಊಟದಲ್ಲಿ, ಮಾವನಂತೆಯೇ ಹೊಗೆಸೊಪ್ಪು ಬೆಳೆಯುವ ವೀರನಹೊಸಹಳ್ಳಿಯ ಹಿರಿಯರೊಬ್ಬರು ನನ್ನ ಮಗಳು ಯಾರೆಂದು ಕೇಳಿ ತಿಳಿದು, ಮುದ್ದೆ ಮುರಿಯುವುದನ್ನೇ ನಿಲ್ಲಿಸಿದರು.

“ಆ ಕೂಸು ನೀನೇಯೇನವ್ವ? ನಿಂಗೆ ಕೆಂಡ ಬಗ್ದು ಕೊಟ್ಟು ಬ್ಯಾರನ್ ತಣ್ಗಾಗಿ ಸೊಪ್ಪೆಲ್ಲ ಕಪ್ಪಾಗೋಗಿತ್ತು ಕಣವ್ವ. ಸೊಪ್ಪಿನ ಅರಾಜಲ್ಲಿ ನಾವೆಲ್ಲ ನಕ್ರೆ ಅಣ್ಣ ಏನಂದ ಗೊತ್ತಾ? ‘ಸೊಪ್ಪು ಬರೋ ವರ್ಸನೂ ಬತ್ತದೆ ಕಣ್ರಲಾ, ನಮ್ಮನೆ ಕೂಸು ಬತ್ತದಾ?’ ಅಂತ.”

ಮಗಳು ನನ್ನ ಮುಖ ನೋಡಿದಳು. ಎಲೆಯ ಮುಂದೆ ಕೂತು ನಾನು ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ.

ಈ ವರ್ಷ ಆ ಬ್ಯಾರನ್ ಹಚ್ಚುವವರಿಲ್ಲ. ತವರಿಗೆ ಹೋದಾಗ ಅದರ ತಣ್ಣನೆಯ ಗೋಡೆ ಮುಟ್ಟಿ ಬರುತ್ತೇನೆ. ಅಷ್ಟು ವರ್ಷ ಪಕ್ಕದಲ್ಲೇ ಇದ್ದು, ನನ್ನಿಂದ ಒಂದೇ ಒಂದು ಒಳ್ಳೆಯ ಮಾತನ್ನೂ ಹೇಳಿಸಿಕೊಳ್ಳದೆ ಹೋಗಿಬಿಟ್ಟನಲ್ಲ ಮಾವ.