ಪೂಲ್ ಅಂದರೆ ಸೇತುವೆಯಲ್ಲ

ಖಾಜಾಭಾಯಿ, ಅಂದು ದೇವದುರ್ಗದಲ್ಲಿ ವಿಚಾರಣೆಯ ಸಾಹೇಬರ ಮುಂದೆ ನೀವು ಆಡಿದ ಮಾತನ್ನು ನಾನು ಬದಲಿಸಿ ಬರೆದೆ. ಕೈತಪ್ಪಿ ಅಲ್ಲ, ಅವಸರದಲ್ಲಿ ಅಲ್ಲ — ಗೊತ್ತಿದ್ದೂ ಬದಲಿಸಿದೆ. ಒಂದೇ ಒಂದು ಪದ. ಅದರಿಂದ ನಿಮ್ಮ ಲೈಸೆನ್ಸ್ ಹೋಯಿತು, ನೀವು ಜೈಲು ಕಂಡಿರಿ, ಮಸರಕಲ್ಲಿನ ಯಂಕಮ್ಮನನ್ನು ನೀರುಪಾಲು ಮಾಡಿದ ಡ್ರೈವರ್ ಎಂಬ ಹೆಸರು ನಿಮಗೆ ಅಂಟಿತು. ಇಷ್ಟು ವರ್ಷ ರಾಯಚೂರಿನ ನಿಮ್ಮ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಎದ್ದು ಬಂದಿದ್ದೇನೆ. ಹೇಳಲಿಲ್ಲ.

ಯಾಕೆ ಅಂತ ನೀವು ಕೇಳುತ್ತೀರಿ. ಕೇಳಲೇಬೇಕು. ಅದಕ್ಕೆ ಎಪ್ಪತ್ತರ ದಶಕದ ಕೊನೆಗೆ ಹೋಗಬೇಕು. ನಾನಾಗ ಮಾನ್ವಿಯಿಂದ ಬಂದು ಬಿ.ಎ. ಮುಗಿಸಿದ್ದೆ. ನಮ್ಮ ಮನೆತನದಲ್ಲಿ ಕೂಲಿ ಬಿಟ್ಟು ಪೆನ್ನು ಹಿಡಿದವನು ನಾನೇ ಮೊದಲು. ಸೊಕ್ಕು ಇರಬೇಕಲ್ಲ, ಇತ್ತು. ನಮ್ಮ ಭಾಗದ ಶಾಸಕರ ಬಳಿ ಬರವಣಿಗೆಯ ಕೆಲಸ ಸಿಕ್ಕಿತು. ಊರೆಲ್ಲ ಅವರನ್ನು ಯಜಮಾನರು ಅನ್ನುತ್ತಿತ್ತು. ನಿಮ್ಮ ಹಾಗೆಯೇ ಅವರೂ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವರು. ಬಾಯಲ್ಲಿ ಕನ್ನಡ ಧಾರಾಳವಾಗಿ ಬರುತ್ತಿತ್ತು, ಕಾಗದದ ಮೇಲೆ ಒಂದಕ್ಷರ ಗೊತ್ತಾಗುತ್ತಿರಲಿಲ್ಲ. ಅವರು ಹೇಳುವುದು, ನಾನು ಬರೆಯುವುದು. ಸದನದಲ್ಲಿ ಕೇಳುವ ಪ್ರಶ್ನೆಗಳನ್ನೂ ನಾನೇ ಬರೆಯುತ್ತಿದ್ದೆ.

"ನಾ ಅಂದಂಗ ಬರಿಯಪಾ, ಚಂದ ಮಾಡಾಕ ಹೋಗಬ್ಯಾಡ" ಎಂದು ಅವರು ಎಷ್ಟು ಸಲ ಅಂದಿದ್ದರೋ. ನಾನು ಚಂದ ಮಾಡುತ್ತಿದ್ದೆ. ಅವರ ಮಾತಿನೊಳಗಿನ ಉರ್ದು ಪದಗಳನ್ನು ಅಕ್ಕಿಯಲ್ಲಿನ ಕಲ್ಲು ಆರಿಸಿದಂತೆ ಆರಿಸಿ ತೆಗೆದು, ಆ ಜಾಗದಲ್ಲಿ ಪುಸ್ತಕದ ಕನ್ನಡ ಕೂಡಿಸುವುದು ನನಗೊಂದು ಖುಷಿ. ಬೆಂಗಳೂರಿನವರು ಓದಿ ನಮ್ಮ ಯಜಮಾನರನ್ನು ನೋಡಿ ನಗಬಾರದು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುಳ್ಳು. ನನ್ನನ್ನು ನೋಡಿ ನಗಬಾರದು ಅಂತ.

ಮಸರಕಲ್ ದಾರಿಗೆ ಅಡ್ಡ ಬರುವ ಆ ಹಳ್ಳದ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಆದರೆ ಇದನ್ನು ಬೇರೆಯವರೂ ಕೇಳುವುದಿದೆ, ಅವರಿಗಾಗಿ ಹೇಳುತ್ತೇನೆ. ಹಳ್ಳದ ತಳಕ್ಕೆ ಕಲ್ಲು, ಸಿಮೆಂಟು ಹಾಸಿ, ಅಡಿಗೆ ನೀರು ಹೋಗಲು ಕೊಳವೆ ಇಟ್ಟಿದ್ದರು, ಅಷ್ಟೆ. ಬೇಸಿಗೆಯಲ್ಲಿ ಬಂಡಿ, ಬಸ್ಸು ಅದರ ಮೇಲೆ ಹೋಗುತ್ತಿದ್ದವು. ಒಂದು ಮಳೆ ಬಿದ್ದರೆ ಹಾಸು ನೀರಿನಡಿಗೆ. ಎಂಜಿನಿಯರುಗಳು ಅದನ್ನು ಕಾಸ್‌ವೇ ಅನ್ನುತ್ತಾರೆ. ನಾವು ಉರ್ದುವಿನ ಪದ ಹಿಡಿದು ಪೂಲ್ ಅನ್ನುತ್ತೇವೆ. ನಮ್ಮಲ್ಲಿ ಕೃಷ್ಣಾ ಹೊಳೆಯ ಮೇಲಿನ ದೊಡ್ಡದೂ ಪೂಲ್, ಗಟಾರಕ್ಕೆ ಅಡ್ಡ ಹಾಕಿದ ಚಪ್ಪಡಿಯೂ ಪೂಲ್.

"ಆ ಪೂಲ್ ಎತ್ತರ ಮಾಡ್ತಾರೇನು ಕೇಳು" ಎಂದರು ಯಜಮಾನರು. "ಹೆಣಮಕ್ಕಳು ಸೀರಿ ಎತ್ಗೊಂಡು ದಾಟ್ತಾವು, ನೋಡಾಕ ಆಗವಲ್ದು."

ನಾನು ಬರೆದೆ — ಸದರಿ ಹಳ್ಳದ ಸೇತುವೆಯನ್ನು ಎತ್ತರಿಸುವ ಪ್ರಸ್ತಾವನೆ ಸರ್ಕಾರದ ಮುಂದಿದೆಯೇ? ಎಷ್ಟು ಹೆಮ್ಮೆ ಪಟ್ಟಿದ್ದೆ ಆ ಸಾಲಿಗೆ. ಕೆಲವು ತಿಂಗಳಿಗೆ ಲಿಖಿತ ಉತ್ತರ ಬಂತು: ಈಗಾಗಲೇ ಸೇತುವೆ ಇರುವುದಾಗಿ ಮಾನ್ಯ ಸದಸ್ಯರೇ ತಿಳಿಸಿರುವುದರಿಂದ ಹೊಸ ಅನುದಾನದ ಪ್ರಶ್ನೆ ಉದ್ಭವಿಸುವುದಿಲ್ಲ.

ತಪ್ಪು ಯಾರದೆಂದು ತಿಳಿಯಲು ಎರಡನೆಯ ಸಲ ಓದಬೇಕಾಗಲಿಲ್ಲ. ಯಜಮಾನರು ಊಟಕ್ಕೆ ಕೂತಿದ್ದರು, ರೊಟ್ಟಿ ಮುರಿಯುತ್ತ ಕೇಳಿದರು, "ಏನಂತ ಬರದಾರ?"

"ರೊಕ್ಕ ಇಲ್ಲಂತ್ರಿ" ಎಂದೆ. "ದಿಲ್ಲಿಯಿಂದ ಬರಬೇಕಂತ."

ಅಷ್ಟು ಸಲೀಸಾಗಿ ಬಂತು ಆ ಸುಳ್ಳು. ಯಾರೂ ಅನುಮಾನಪಡದ ಸುಳ್ಳು ಅದು — ರಸ್ತೆ ಇಲ್ಲವೆಂದರೆ ದಿಲ್ಲಿ, ಬಸ್ಸು ಇಲ್ಲವೆಂದರೆ ಬೆಂಗಳೂರು. ನಂಬಿದರು. ನಂಬಿ ಸುಮ್ಮನಿದ್ದಿದ್ದರೆ — ಅವರು ಸುಮ್ಮನಿರುವ ಮನುಷ್ಯನಲ್ಲ. ಆ ವಯಸ್ಸಿನಲ್ಲಿ ರೈಲು ಹತ್ತಿ ದಿಲ್ಲಿಗೆ ಹೋದರು. ಕಾಲು ಊದಿಸಿಕೊಂಡು ವಾಪಸು ಬಂದರು.

"ಅಲ್ಲಿಯವ್ರು ಅಂತಾರ, ಹೈವೇ ಇದ್ರ ನಮ್ಮನ್ನ ಕೇಳ್ರಿ, ಹಳ್ಳಿ ದಾರಿ ನಿಮ್ಮ ರಾಜ್ಯದ್ದು ಅಂತ. ಇಲ್ಲಿಯವ್ರು ದಿಲ್ಲಿ ಅಂತಾರ. ಶಕ್ತಿನಗರದ ಕರೆಂಟಿನ ಕಾರ್ಖಾನಿಗೆ ಲಾರಿಗಟ್ಟಲೆ ಸಿಮೆಂಟು ಹೊಂಟದ, ನಮ್ಮ ಹಳ್ಳಕ್ಕ ಒಂದು ಚೀಲ ಇಲ್ಲೇನು? ಆ ದಾರಿ ಖರೇ ಯಾರದಪಾ?"

"ಒಬ್ಬರ ಮ್ಯಾಲೆ ಒಬ್ಬರು ಹಾಕ್ತಾರ್ರಿ" ಎಂದೆ ನಾನು. ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಅವರು ತಲೆಯಾಡಿಸಿದರು. ರಾಜ್ಯದವರು ಹಾಗೆ ಅಂದೇ ಇರಲಿಲ್ಲ. ಅಂದವನು ನಾನು.

ಮುಂದಿನದು ನಿಮಗೆ ಗೊತ್ತು. ಎಂಬತ್ತರ ನಂತರದ ಒಂದು ಮಳೆಗಾಲ, ನೀವು ಖಾಸಗಿ ಬಸ್ಸು ಓಡಿಸುತ್ತಿದ್ದಿರಿ. ಹಾಸಿನ ಮೇಲೆ ಮೊಳಕಾಲುದ್ದ ನೀರು. ಆ ದಾರಿಯಲ್ಲಿ ಅಷ್ಟು ನೀರಿಗೆ ಗಾಡಿ ನಿಲ್ಲಿಸಿದ ಡ್ರೈವರ್ ಇರಲಿಲ್ಲ. ನಿಲ್ಲಿಸಿದರೆ ಮಳೆಗಾಲ ಮುಗಿಯುವವರೆಗೂ ನಿಲ್ಲಬೇಕಿತ್ತು. ರಾಯಚೂರಿನಲ್ಲಿ ದಿನ ತುಂಬಿದ್ದ ಮಗಳು ಹನುಮವ್ವನನ್ನು ನೋಡಲು ಹೊರಟಿದ್ದ ಯಂಕಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದಳು. ಆಕೆಯೇ ಕೇಳಿದಳಂತೆ, "ಯಪ್ಪಾ, ಕೆಳಗ ಪೂಲ್ ಅದನೋ, ಒಡದದನೋ?"

"ಪೂಲ್ ಅದ ಯವ್ವಾ, ಕೂಡು" ಅಂದಿರಿ ನೀವು.

ನೀರಿನಡಿಯಲ್ಲಿ ಹಾಸಿನ ಒಂದು ಅಂಚು ಕೊಚ್ಚಿ ಹೋಗಿತ್ತು. ಹಿಂದಿನ ಗಾಲಿ ಜಾರಿ ಬಸ್ಸು ವಾಲಿತು. ನೀವು ಒಬ್ಬೊಬ್ಬರನ್ನೇ ಹೆಗಲ ಮೇಲೆ ಹೊತ್ತು ದಡ ಮುಟ್ಟಿಸಿದಿರಿ. ಯಂಕಮ್ಮನ ಕೈ ಹಿಡಿದದ್ದೂ ನೀವೇ, ಅದು ಬಿಟ್ಟು ಹೋದದ್ದೂ — ಅದನ್ನು ನಾನು ಬರೆಯಬಾರದು. ಅದು ನಿಮ್ಮದು.

ವಿಚಾರಣೆಗೆ ಯಜಮಾನರೇ ನನ್ನನ್ನು ಕಳಿಸಿದರು. "ಪಾಪ, ಖಾಜಾನ ಮಾತು ನೆಟ್ಟಗ ಬರಿ" ಎಂದರು. ಸಾಹೇಬರು ದಕ್ಷಿಣದ ಕಡೆಯವರು, ನಮ್ಮ ಮಾತು ಅವರಿಗೆ ತಿಳಿಯುತ್ತಿರಲಿಲ್ಲ, ಅದಕ್ಕೇ ಹೇಳಿಕೆ ಬರೆಯುವ ಕೆಲಸ ನನ್ನ ಕೈಗೆ ಬಂತು; ಆ ಹಳ್ಳವನ್ನೂ ಅವರು ಕಣ್ಣಿಂದ ಕಂಡಿರಲಿಲ್ಲ. ಅವರ ಮೇಜಿನ ಮೇಲೆ ಸರ್ಕಾರದ ಆ ಹಳೆಯ ಉತ್ತರ ಬಿಚ್ಚಿಕೊಂಡು ಬಿದ್ದಿತ್ತು. ನಾನು ಬಾಗಿಲಲ್ಲೇ ಅದನ್ನು ಗುರುತು ಹಿಡಿದೆ.

ನೀವು ಹೇಳಿದಿರಿ: "ಪೂಲ್ ಮ್ಯಾಲ ನೀರು ಹೊಂಟಿತ್ರಿ. ದಿನಾ ದಾಟೂವಷ್ಟೇ ಇತ್ತು."

ನಾನು ಬರೆದೆ: ಸೇತುವೆಯ ಮೇಲೆ ನೀರು ಹರಿಯುತ್ತಿತ್ತು; ಪ್ರತಿದಿನ ದಾಟುವಷ್ಟೇ ಇತ್ತು.

ಮೊದಲ ಸಲ ಬರೆದಾಗ ಅದು ಸೊಕ್ಕು. ಈ ಸಲ ಭಯ. ಅಲ್ಲಿ ಸೇತುವೆಯೇ ಇಲ್ಲ, ಹಳ್ಳದ ತಳಕ್ಕೆ ಹಾಸಿದ ಹಾಸು ಅಂತ ಬರೆದಿದ್ದರೆ ಸಾಹೇಬರು ಮುಂದಿನ ಪ್ರಶ್ನೆ ಕೇಳುತ್ತಿದ್ದರು — ಹಾಗಾದರೆ ನಿಮ್ಮ ಶಾಸಕರೇ ಸೇತುವೆ ಇದೆ ಅಂತ ಸದನಕ್ಕೆ ಯಾಕೆ ತಿಳಿಸಿದರು? ಆ ಪ್ರಶ್ನೆ ನನ್ನ ಬಳಿ ಬಂದು ನಿಲ್ಲುತ್ತಿತ್ತು. ಪೆನ್ನು ಎತ್ತಿ ಹಿಡಿದು ಒಂದು ಗಳಿಗೆ ನಿಮ್ಮ ಮುಖ ನೋಡಿದೆ. ನಿಮ್ಮ ಮಾತನ್ನೇ ಬರೆಯುತ್ತಿದ್ದೇನೆ ಅಂತ ನೀವು ನನಗೆ ಕೈ ಮುಗಿದಿರಿ. ಆಮೇಲೆ ಆ ಸಾಲಿನ ಕೆಳಗೆ ಉರ್ದುವಿನಲ್ಲಿ, ಬಲದಿಂದ ಎಡಕ್ಕೆ, ನಿಧಾನವಾಗಿ ಸಹಿ ಮಾಡಿದಿರಿ.

ಸಾಹೇಬರು ಓದಿ ಕನ್ನಡಕ ತೆಗೆದರು. "ಸೇತುವೆ ಮುಳುಗೋಷ್ಟು ನೀರಲ್ಲಿ ಬಸ್ಸು ನುಗ್ಗಿಸಿದ್ದಾನಲ್ಲ ರೀ, ಇವನಿಗೇನು ತಲೆ ಕೆಟ್ಟಿತ್ತಾ?"

ನಾನು ಪೆನ್ನಿನ ಮುಚ್ಚಳ ಹಾಕಿದೆ. ನಿಜ ಬರೆದಿದ್ದರೆ ನೀವು ಪಾರಾಗುತ್ತಿದ್ದಿರೋ ಇಲ್ಲವೋ ಗೊತ್ತಿಲ್ಲ, ಅದರ ಆಸರೆ ಹಿಡಿಯಲು ನನಗೆ ಮನಸ್ಸೂ ಇಲ್ಲ. ನಿಮ್ಮ ಮಾತು ನಿಮ್ಮದಾಗಿ ಉಳಿಯುತ್ತಿತ್ತು. ಅದನ್ನೂ ಕಿತ್ತುಕೊಂಡೆ.

ಯಜಮಾನರು ಸಾಯುವವರೆಗೂ "ದಿಲ್ಲಿಯವ್ರು ಕೊಂದ್ರು ಆ ಮುದುಕೀನ" ಅನ್ನುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಮುಂದೆ ಕನ್ನಡ ಮೇಷ್ಟ್ರಾದೆ, ಮಕ್ಕಳ ಬರಹದ ಮೇಲೆ ಕೆಂಪು ಶಾಯಿ ಎಳೆಯುವುದೇ ಕಸುಬಾಯಿತು. ಒಂದು ಹುಡುಗಿ ಪ್ರಬಂಧದಲ್ಲಿ ಪೂಲ್ ಅಂತ ಬರೆದಿದ್ದಳು. ಹೊಡೆದುಹಾಕಲು ಹೋದ ಕೈ ನಿಂತುಬಿಟ್ಟಿತು, ನೋಡಿ. ಪೂರ್ತಿ ಅಂಕ ಕೊಟ್ಟು ಕಳಿಸಿದೆ. ಅಷ್ಟರಿಂದ ಏನಾಗುತ್ತದೆ.

ನೀವು ಮಾತ್ರ ನನ್ನನ್ನು ಕಂಡಾಗಲೆಲ್ಲ ಬೆಂಚು ಒರೆಸುತ್ತೀರಿ. "ಮಾಸ್ತರ್, ಅವತ್ತು ನೀವೊಬ್ಬರೇ ನನ್ನ ಬಾಜೂಕ ನಿಂತ್ರಿ" ಅನ್ನುತ್ತೀರಿ, ಚಹಾದ ರೊಕ್ಕ ಮುಟ್ಟುವುದಿಲ್ಲ. ಅದೇ ಬೀದಿಯಲ್ಲಿ ಹನುಮವ್ವ ಇದ್ದಾಳೆ. ಆಗ ಬಾಣಂತಿಯಾಗಬೇಕಿದ್ದವಳು ಈಗ ಅಜ್ಜಿ. ಇಂದಿಗೂ ನಿಮ್ಮ ಅಂಗಡಿ ಬಂದಾಗ ಸೆರಗು ಎಳೆದುಕೊಂಡು ಆಚೆ ಬದಿಗೆ ಹೋಗುತ್ತಾಳೆ. ನೀವು ತಲೆ ತಗ್ಗಿಸಿ ಸ್ಟೋವ್‌ಗೆ ಗಾಳಿ ಹೊಡೆಯುತ್ತೀರಿ. ಎಷ್ಟು ಸಲ ನೋಡಿದ್ದೇನೆ ಇದನ್ನು, ಚಹಾ ಊದಿಕೊಂಡು ಕುಡಿಯುತ್ತ.

ಮೊನ್ನೆ ನೀವು ಅಂದಿರಿ, "ಮಾಸ್ತರ್, ಕಣ್ಣು ಮಂಜಾಗಾಕತ್ಯಾವ. ಪೂರಾ ಹೋಗೂದ್ರಾಗ ಆ ಹೆಣಮಗಳು ಒಮ್ಮಿ ನನ್ನ ಕಡಿ ಮಾರಿ ಮಾಡಿದ್ರ ಸಾಕಾಗಿತ್ತು." ನಾನು ಲೋಟ ಇಟ್ಟು ಎದ್ದು ಬಂದೆ. ನೀವು ಏನೆಂದುಕೊಂಡಿರೋ.

ನಿನ್ನೆ ಹನುಮವ್ವನ ಮನೆಗೆ ಹೋಗಿದ್ದೆ. "ಯವ್ವಾ, ಭಾನುವಾರ ಮುಂಜಾನೆ ಖಾಜಾಸಾಬನ ಅಂಗಡಿಗೆ ಬಾ. ನಿಮ್ಮವ್ವನ ಬಗ್ಗೆ ಒಂದು ಮಾತು ಹೇಳೂದದ, ಅವ್ರ ಮುಂದನ ಹೇಳಬೇಕು" ಎಂದೆ. "ಇಷ್ಟ್ ವರ್ಷ ಆದಮ್ಯಾಲ ಏನ್ರಿ ಮಾಸ್ತರ ಅದು?" ಎಂದಳು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಬಂದರೆ ಇಬ್ಬರ ಮುಂದೆ, ಬಾರದಿದ್ದರೆ ಮೊದಲು ನಿಮ್ಮ ಮುಂದೆ, ಆಮೇಲೆ ಆಕೆಯ ಬಾಗಿಲಿಗೆ ಹೋಗಿ — ಇದನ್ನು ಓದುತ್ತೇನೆ. ಪೂಲ್ ಅಂತ ನೀವು ಅಂದಲ್ಲಿ ಪೂಲ್ ಅಂತಲೇ ಓದುತ್ತೇನೆ. ಓದಿ ಮುಗಿಸಿ ಅಲ್ಲೇ ನಿಂತಿರುತ್ತೇನೆ, ಖಾಜಾಭಾಯಿ. ಆಗ ನಿಮ್ಮ ಬಾಯಿಂದ ನನಗೆ ಯಾವ ಮಾತು ಬಂದರೂ, ಅದನ್ನು ತಿದ್ದುವುದಿಲ್ಲ.